ಮೊಟ್ಟೆ ಅಪ್ಪನ ಪಾಲಿಗೆ, ನೀರು ನಮ್ಮ ಪಾಲಿಗೆ: ಮಲೆನಾಡಿನ ಮನೆಯಲ್ಲಿ ಬ್ರಿಸಲ್‌ನೋಸ್ ಪ್ಲೆಕೊ ಮರಿ ಮಾಡಿಸುವುದು

ಶಿವಮೊಗ್ಗದ ಅಕ್ವೇರಿಯಂ ಅಂಗಡಿಗೆ ಹೋಗಿ ‘ಗಾಜಿನ ಪಾಚಿ ತಿನ್ನೋ ಮೀನು ಕೊಡಿ’ ಎಂದರೆ ಒಂದು ಕರಿ ಮೀನು ಹಿಡಿದು ಕವರಿಗೆ ಹಾಕಿ ಕೊಡುತ್ತಾರೆ. ‘ಸಕ್ಕರ್’ ಎಂದರೆ ಸಾಕು, ಎಲ್ಲರಿಗೂ ಗೊತ್ತು. ಹೆಚ್ಚಿನ ಸಲ ಅದು ಸಾಮಾನ್ಯ ಪ್ಲೆಕೊ ಆಗಿರುತ್ತದೆ. ತಂದಾಗ ಬೆರಳುದ್ದ. ಚೆನ್ನಾಗಿ ತಿನ್ನಿಸಿದರೆ ಒಂದಡಿ ದಾಟುತ್ತದೆ. ಆಮೇಲೆ ಎರಡಡಿ ತೊಟ್ಟಿಯಲ್ಲಿ ಅದಕ್ಕೆ ತಿರುಗಲೂ ಜಾಗ ಸಾಲುವುದಿಲ್ಲ. ಮನೆಯ ತೊಟ್ಟಿಯಲ್ಲಿ ಅದು ಮರಿ ಮಾಡುತ್ತದೆ ಎಂದು ಕಾಯುವುದೂ ವ್ಯರ್ಥ. ಹೊಳೆ ದಂಡೆಯ ಮಣ್ಣಿನಲ್ಲಿ ಬಿಲ ತೋಡಿ ಮೊಟ್ಟೆ ಇಡುವ ಜಾತಿ ಅದು.

ಬ್ರಿಸಲ್‌ನೋಸ್ ಅದೇ ಬಳಗದ ಸಣ್ಣ ಮೀನು. ತವರು ದಕ್ಷಿಣ ಅಮೆರಿಕ, ಕುಲದ ಹೆಸರು ಆನ್ಸಿಸ್ಟ್ರಸ್. ಬೆಳೆದರೆ 10ರಿಂದ 12 ಸೆಂ.ಮೀ., ಅಪರೂಪಕ್ಕೆ 15. ಮರಿಯಲ್ಲಿ ಇವೆರಡನ್ನೂ ಬೇರ್ಪಡಿಸಲು ಬೆನ್ನಿನ ರೆಕ್ಕೆ ನೋಡಿ. ಬ್ರಿಸಲ್‌ನೋಸ್‌ಗೆ ಮುಂದಿನ ಮುಳ್ಳು ಬಿಟ್ಟು ಏಳು ಕಡ್ಡಿ ಇರುತ್ತವೆ. ಸಾಮಾನ್ಯ ಪ್ಲೆಕೊಗೆ ಹತ್ತೋ ಅದಕ್ಕೂ ಜಾಸ್ತಿಯೋ, ರೆಕ್ಕೆಯೂ ಎತ್ತರ. ಈಜುವ ಮೀನಿನ ಕಡ್ಡಿ ಎಣಿಸೋದು ಹೇಗೆ ಎನ್ನಬೇಡಿ. ಗಾಜಿಗೆ ಅಂಟಿಕೊಂಡು ಕೂತಾಗ ಫೋನಿನಲ್ಲಿ ಒಂದು ಫೋಟೊ ತೆಗೆದು ದೊಡ್ಡದು ಮಾಡಿ ನೋಡಿದರಾಯಿತು.

ಇದನ್ನು ಸಾಕುವವರೆಲ್ಲ ಕೇಳುವುದು ಒಂದೇ: ಮೊಟ್ಟೆ ಇಡಿಸೋದು ಹೇಗೆ? ನಿಜ ಹೇಳಬೇಕೆಂದರೆ ಅದು ದೊಡ್ಡ ವಿಷಯವೇ ಅಲ್ಲ. ಪ್ರಾಯಕ್ಕೆ ಬಂದ ಜೋಡಿ, ಹೊಟ್ಟೆ ತುಂಬ ಊಟ, ಬಿಗಿಯಾದ ಒಂದು ಗುಹೆ, ಶುದ್ಧ ನೀರು ಇದ್ದರೆ ಅವು ನಮ್ಮನ್ನು ಕೇಳದೆ ಮೊಟ್ಟೆ ಇಡುತ್ತವೆ. ಕಷ್ಟ ಶುರುವಾಗುವುದು ಮರಿಗಳು ಹೊರಬಂದ ಮೇಲೆ. ಮೂರನೇ ವಾರದಿಂದ ಎರಡು ತಿಂಗಳವರೆಗೆ ದಿನಕ್ಕೆರಡು, ದಿನಕ್ಕೆ ಮೂರು ಎಂದು ಮರಿ ಕಡಿಮೆಯಾಗುತ್ತ ಹೋಗುತ್ತವೆ. ರೋಗ ಕಾಣುವುದಿಲ್ಲ, ಗಾಯ ಕಾಣುವುದಿಲ್ಲ. ಮಲೆನಾಡಿನಲ್ಲಿ ಅದಕ್ಕೆ ಮುಖ್ಯ ಕಾರಣ ನಮ್ಮ ನೀರಿನ ಗುಣ. ನೀರಿನ ಮಾತಿಗೆ ಆಮೇಲೆ ಬರುತ್ತೇನೆ, ಮೊದಲು ಜೋಡಿ.

ಮೀಸೆ ಇರುವವನು, ಇಲ್ಲದವಳು

ಗಂಡು-ಹೆಣ್ಣು ಇಷ್ಟು ಸಲೀಸಾಗಿ ಗುರುತಾಗುವ ಅಕ್ವೇರಿಯಂ ಮೀನು ಕಡಿಮೆ. ಐದಾರು ಸೆಂ.ಮೀ. ಬೆಳೆಯುವ ಹೊತ್ತಿಗೆ ಗಂಡಿನ ಮೂತಿಯ ಮೇಲೆ ಮೆತ್ತನೆಯ ಎಳೆಗಳು ಏಳುತ್ತವೆ. ಮೊದಲು ಅಂಚಿನಲ್ಲಿ, ಬರಬರುತ್ತ ನಡುಮೂತಿಗೆ, ಹಣೆಗೆ. ವಯಸ್ಸಾದಂತೆ ಅವು ಕವಲೊಡೆಯುತ್ತವೆ. ಹೆಣ್ಣಿಗೂ ಕೆಲವೊಮ್ಮೆ ಇರುತ್ತವೆ, ಆದರೆ ಮೂತಿಯ ಅಂಚಿನಲ್ಲಿ ಗಿಡ್ಡ ಸಾಲು ಅಷ್ಟೇ. ಹಣೆಗೆ ಹತ್ತುವುದಿಲ್ಲ.

ಈ ಮೀಸೆ ಯಾಕೆ? 1999ರಲ್ಲಿ ಮೀನುತಜ್ಞರು ಒಂದು ಸ್ವಾರಸ್ಯದ ವಾದ ಮುಂದಿಟ್ಟರು. ಆ ಎಳೆಗಳು ನೋಡಲು ಮರಿಗಳಂತೆ ಕಾಣುತ್ತವೆ. ಮರಿ ಕಾಯುತ್ತಿರುವ ಗಂಡನ್ನು ಕಂಡರೆ ಹೆಣ್ಣಿಗೆ ನಂಬಿಕೆ ಜಾಸ್ತಿ. ಹಾಗಾಗಿ ಗುಹೆಯಲ್ಲಿ ಮರಿ ಇಲ್ಲದ ಗಂಡೂ ಮೂತಿಯ ಮೇಲೆ ಮರಿಗಳ ವೇಷ ಹೊತ್ತು ಹೆಣ್ಣನ್ನು ಒಲಿಸುತ್ತದೆ ಎನ್ನುವುದು ಆ ವಾದ. ಒಂದೇ ಗುಹೆಯಲ್ಲಿ ಗಂಡು ಬೇರೆ ಬೇರೆ ಹೆಣ್ಣಿನ ಮೊಟ್ಟೆ ಒಟ್ಟಿಗೆ ಕಾಯುವುದು ಇದೆ. ಅದನ್ನು ನೋಡಿದರೆ ಮಾತಿನಲ್ಲಿ ಹುರುಳಿದೆ ಅನಿಸುತ್ತದೆ.

ಗಂಡಿಗೆ ಇನ್ನೊಂದು ಆಯುಧವಿದೆ, ಬಲೆ ಹಾಕುವ ಮೊದಲು ಅದು ಗೊತ್ತಿರಬೇಕು. ಎರಡೂ ಕೆನ್ನೆಯ ಬದಿಯಲ್ಲಿ ಕೊಕ್ಕೆಯಂಥ ಸಣ್ಣ ಮುಳ್ಳುಗಳ ಕಟ್ಟು. ಸುಮ್ಮನಿದ್ದಾಗ ಚರ್ಮಕ್ಕೆ ಅಂಟಿ ಮಲಗಿರುತ್ತವೆ. ಸಿಟ್ಟು ಬಂದರೆ ಅಥವಾ ಹೆದರಿದರೆ ಹೊರಕ್ಕೆ ನಿಗುರುತ್ತವೆ. ನೈಲಾನ್ ಬಲೆಯಲ್ಲಿ ಹಿಡಿದರೆ ಒಂದೊಂದು ಮುಳ್ಳೂ ಒಂದೊಂದು ಕಣ್ಣಿಗೆ ಸಿಕ್ಕಿಕೊಳ್ಳುತ್ತದೆ. ಮೀನು ಒದ್ದಾಡಿದಷ್ಟೂ ಗಂಟು ಬಿಗಿಯಾಗುತ್ತದೆ. ಕೊನೆಗೆ ಕತ್ತರಿ ತಂದು ಬಲೆಯನ್ನೇ ಕತ್ತರಿಸಬೇಕು. ಬಲೆಯ ಸಹವಾಸವೇ ಬೇಡ. ಪಾರದರ್ಶಕ ಡಬ್ಬಿ ಹಿಡಿದು ಅದರೊಳಗೆ ಅಟ್ಟಿ, ಇಲ್ಲವೇ ಗುಹೆಯ ಬಾಯಿಗೆ ಅಂಗೈ ಅಡ್ಡ ಕೊಟ್ಟು ಗುಹೆ ಸಮೇತ ಎತ್ತಿ.

ಒಂದು ಗಂಡಿಗೆ ಒಂದೋ ಎರಡೋ ಹೆಣ್ಣು ಸಾಕು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 55 ಲೀಟರ್ ನೀರು ಹಿಡಿಯುತ್ತದೆ. ಒಂದು ಜೋಡಿಗೆ ಅದು ನಡೆಯುತ್ತದೆ. ಮೂರು ಮೀನಾದರೆ ಮೂರಡಿಯ ತೊಟ್ಟಿ ಒಳ್ಳೆಯದು. ಸಣ್ಣ ತೊಟ್ಟಿಗೆ ಎರಡು ಗಂಡು ಬಿಟ್ಟರೆ ಗುಹೆಗಾಗಿ ಜಗಳ ಗ್ಯಾರಂಟಿ. ದೊಡ್ಡ ಜೋಡಿ ಸಿಗದಿದ್ದರೆ ಐದಾರು ಮರಿ ತಂದು ಬೆಳೆಸಿ. ಆದರೆ ಎಲ್ಲವನ್ನೂ ಒಂದೇ ಅಂಗಡಿಯ ಒಂದೇ ತೊಟ್ಟಿಯಿಂದ ತಂದರೆ ಎಲ್ಲವೂ ಅಣ್ಣತಂಗಿಯರೇ ಆಗಿರಬಹುದು. ಶಿವಮೊಗ್ಗದಲ್ಲಿ ಮೂರು ತಂದರೆ, ಬೆಂಗಳೂರಿಗೋ ಮಂಗಳೂರಿಗೋ ಹೋದಾಗ ಉಳಿದದ್ದು ತನ್ನಿ. ವರ್ಷ ತುಂಬುವ ಹೊತ್ತಿಗೆ ಪ್ರಾಯಕ್ಕೆ ಬರುತ್ತವೆ.

ಊಟಕ್ಕೆ ತರಕಾರಿಯೇ ಬುನಾದಿ. ಸೌತೆಕಾಯಿ, ಬೀನ್ಸ್, ಸಿಹಿಗುಂಬಳ, ಪಾಲಕ್ ಎಲ್ಲ ನಡೆಯುತ್ತದೆ. ಗಟ್ಟಿ ಇರುವುದನ್ನು ಬಿಸಿ ನೀರಿನಲ್ಲಿ ಬಾಡಿಸಿ, ತಣಿಸಿ ಕೊಡಿ. ತೇಲದಂತೆ ಸ್ಟೀಲ್ ಫೋರ್ಕ್ ಚುಚ್ಚಿ ಮುಳುಗಿಸಿ. ರಾತ್ರಿ ಲೈಟ್ ಆರಿಸಿದ ಮೇಲೆ ಹಾಕಿ, ಬೆಳಗ್ಗೆ ಉಳಿದದ್ದು ತೆಗೆದುಬಿಡಿ. ಸಂತೆಯ ತರಕಾರಿ ಆದರೆ ಚೆನ್ನಾಗಿ ತೊಳೆದು ಸಿಪ್ಪೆ ತೆಗೆಯಿರಿ. ಮನೆ ಹಿತ್ತಲಿನದ್ದಾದರೆ ಇನ್ನೂ ನಿಶ್ಚಿಂತೆ. ಬರೀ ಪಾಚಿ ತಿಂದು ಬದುಕುತ್ತದೆ ಎನ್ನುವುದು ಅಂಗಡಿ ಮಾತು. ಮೊಟ್ಟೆ ಕಟ್ಟಬೇಕಾದರೆ ಹೆಣ್ಣಿಗೆ ಪ್ರೋಟೀನ್ ಬೇಕು. ವಾರಕ್ಕೆ ಒಂದೆರಡು ಸಲ ಉಪ್ಪಿಲ್ಲದ ಸೀಗಡಿ ಚೂರೋ ಫ್ರೋಜನ್ ಬ್ಲಡ್‌ವರ್ಮ್ ಎಂಬ ಕೆಂಪು ಹುಳುವೋ ಕೊಡಿ. ತಳಕ್ಕೆ ಇಳಿಯುವ ವೇಫರ್, ಅಂದರೆ ಬಿಲ್ಲೆಯಂಥ ಒಣ ಮೀನಾಹಾರ, ಉಳಿದ ದಿನಗಳಿಗೆ. ಒಂದು ತುಂಡು ಮರದ ಬೇರನ್ನೂ ತೊಟ್ಟಿಯಲ್ಲಿ ಇಡಿ. ಮರವನ್ನೂ ಅದರ ಮೇಲೆ ಹಬ್ಬುವ ಜೀವಿಗಳ ಪೊರೆಯನ್ನೂ ಅವು ದಿನವಿಡೀ ಕೆರೆಯುತ್ತಿರುತ್ತವೆ. ಹೊಳೆಬದಿಯಲ್ಲಿ ಸಿಗುವ ಒಣ ಬೇರನ್ನು ಕುದಿಸಿ, ನೀರಿಗೆ ಬಣ್ಣ ಬಿಡುವುದು ಕಡಿಮೆಯಾಗುವವರೆಗೆ ನೆನೆಹಾಕಿ ಬಳಸಬಹುದು. ಹಸಿ ಮರ ಬೇಡ.

ಹೆಣ್ಣು ಮೊಟ್ಟೆ ಕಟ್ಟಿದೆಯೇ ಎಂದು ನೋಡಲು ಅದು ಗಾಜಿಗೆ ಅಂಟಿಕೊಳ್ಳುವುದನ್ನು ಕಾಯಬೇಕು. ಹೊಟ್ಟೆ ಎರಡೂ ಬದಿಗೆ ಉಬ್ಬಿ, ತೆಳು ಚರ್ಮದಡಿ ಹಳದಿ-ಕಿತ್ತಳೆ ಛಾಯೆ ಕಂಡರೆ ತಯಾರಾಗಿದೆ ಎಂದರ್ಥ.

ಬಿಗಿ ಇದ್ದಷ್ಟೂ ಇಷ್ಟ

ಗುಹೆ ಮಾಡುವಾಗ ಎಲ್ಲರೂ ಅದನ್ನು ದೊಡ್ಡದು ಮಾಡಿಬಿಡುತ್ತಾರೆ, ಪಾಪ, ಆರಾಮಾಗಿರಲಿ ಎಂದು. ಗಂಡಿಗೆ ಬೇಕಾದದ್ದು ಆರಾಮ ಅಲ್ಲ. ಹೆಣ್ಣು ಒಳಗೆ ಬಂದರೆ ತಾನು ಬಾಯಿಗೆ ಅಡ್ಡ ಕೂತು ತಡೆಯುವಷ್ಟು, ಮೊಟ್ಟೆ ಇಟ್ಟ ಮೇಲೆ ಒಬ್ಬನೇ ದಾರಿ ಮುಚ್ಚುವಷ್ಟು ಬಿಗಿ ಇರಬೇಕು. ಒಳಗಿನ ಉದ್ದ ಗಂಡಿಗಿಂತ ಎರಡು-ಮೂರು ಸೆಂ.ಮೀ. ಹೆಚ್ಚು. ಅಗಲ ಅವನು ಪಕ್ಕದ ರೆಕ್ಕೆ ಸ್ವಲ್ಪ ಮಡಚಿ ಒಳಹೋಗುವಷ್ಟು. ಹಿಂಬದಿ ಪೂರ್ತಿ ಮುಚ್ಚಿರಬೇಕು, ಗಾಳಿ ಕಿಂಡಿ ಎಂದು ತೂತು ಕೊರೆಯುವುದು ಬೇಡ.

ಹತ್ತು ಸೆಂ.ಮೀ. ಗಂಡಿಗೆ ಒಂದೂವರೆ ಇಂಚಿನ ಪಿವಿಸಿ ಪೈಪು ಸರಿಹೋಗುತ್ತದೆ. ಒಂದು ತುದಿಗೆ ಎಂಡ್ ಕ್ಯಾಪ್ ಹಾಕಿ, ಒಳಮೈಯನ್ನು ಮರಳು ಕಾಗದದಿಂದ ಒರಟು ಮಾಡಿ. ನುಣ್ಣಗಿನ ಪ್ಲಾಸ್ಟಿಕ್ಕಿಗೆ ಮೊಟ್ಟೆಯ ಗೊಂಚಲು ಸರಿಯಾಗಿ ಕೂರುವುದಿಲ್ಲ. ಬಿದಿರಾದರೆ ಗೆಣ್ಣಿನ ಕೆಳಗೆ ಕತ್ತರಿಸಿದರೆ ಹಿಂಬದಿ ತಾನಾಗೇ ಮುಚ್ಚಿರುತ್ತದೆ. ಅದಕ್ಕಿಂತ ಸುಲಭದ ಗುಹೆ ಇಲ್ಲ. ಕಾಲಕ್ರಮೇಣ ಕೊಳೆಯುತ್ತದೆ, ಮೆತ್ತಗಾದಾಗ ಬದಲಿಸಬೇಕು ಅಷ್ಟೇ. ಹಳೇ ಮನೆ ಮೇಲಿಂದ ಇಳಿಸಿದ ನಾಡಹಂಚು ಮೂಲೆಯಲ್ಲಿ ಬಿದ್ದಿದ್ದರೆ ಎರಡನ್ನು ಮುಖಾಮುಖಿ ಜೋಡಿಸುವ ಆಸೆ ಆಗುತ್ತದೆ. ನೋಡಲು ಚಂದ ನಿಜ, ಆದರೆ ಈ ಮೀನಿಗೆ ಅಗಲ ಜಾಸ್ತಿಯಾಯಿತು. ಬಣ್ಣ ಬಳಿಯದ ಮಣ್ಣಿನ ಕೊಳವೆಯನ್ನು ಕುಂಬಾರರಿಂದ ಅಳತೆ ಕೊಟ್ಟು ಮಾಡಿಸಿದರೆ ಎಲ್ಲಕ್ಕಿಂತ ಬಾಳಿಕೆ.

ಗಂಡುಗಳ ಸಂಖ್ಯೆಗಿಂತ ಗುಹೆ ಒಂದು ಹೆಚ್ಚಿರಲಿ. ಮೂಲೆಯಲ್ಲಿ, ಬಾಯಿ ಮಂದ ಬೆಳಕಿನ ಕಡೆಗೆ ಇಡಿ. ಇಟ್ಟ ಮೇಲೆ ದಿನಾ ಸರಿಸಬೇಡಿ.

ಮೆದು ನೀರಿನ ಲೆಕ್ಕ

‘ಗಂಗಾ ಸ್ನಾನ, ತುಂಗಾ ಪಾನ’ ಎನ್ನುತ್ತಾರಲ್ಲ, ಕುಡಿಯಲು ರುಚಿಯಾದ ಈ ಮೆದು ನೀರು ಮೀನಿನ ತೊಟ್ಟಿಯಲ್ಲಿ ಬೇರೆಯೇ ಆಟ ಆಡುತ್ತದೆ. ಮಳೆ ಜಾಸ್ತಿ ಇರುವ ಕಡೆ ಮಣ್ಣಿನ ಸುಣ್ಣದ ಅಂಶವೆಲ್ಲ ಶತಮಾನಗಳಿಂದ ತೊಳೆದು ಹೋಗಿರುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಗುಡ್ಡದಿಂದ ಪೈಪಿನಲ್ಲಿ ಬರುವ ಅಬ್ಬಿ ನೀರು, ಜಂಬಿಟ್ಟಿಗೆ ನೆಲದ ಬಾವಿ ನೀರು ಸಾಮಾನ್ಯವಾಗಿ ಮೆದು. ಬಯಲು ಕಡೆಯ ಬೋರ್‌ವೆಲ್ ನೀರು ಗಡುಸು. ಬ್ರಿಸಲ್‌ನೋಸ್‌ಗೆ ಮೆದು ನೀರು ಇಷ್ಟ. ನೀರು ಎಷ್ಟು ಆಮ್ಲ ಎಂದು ತೋರಿಸುವ ಪಿಎಚ್ (7ಕ್ಕಿಂತ ಇಳಿದಷ್ಟೂ ಆಮ್ಲ) 6ರಿಂದ 7.5ರ ನಡುವೆ ಎಲ್ಲಿದ್ದರೂ ಅದು ಮೊಟ್ಟೆ ಇಡುತ್ತದೆ. ಹಾಗಾದರೆ ತೊಂದರೆ ಏನು?

ನೀರಿನ ಗಡಸುತನದಲ್ಲಿ ಒಂದು ಭಾಗ ಕಾರ್ಬೊನೇಟಿನದು. ಅಕ್ವೇರಿಯಂನವರು ಅದನ್ನು ಕೆಎಚ್ ಎನ್ನುತ್ತಾರೆ. ನೀರಿನಲ್ಲಿ ಹುಟ್ಟುವ ಆಮ್ಲವನ್ನು ನುಂಗಿ ಪಿಎಚ್ ಕುಸಿಯದಂತೆ ತಡೆಯುವುದು ಇದೇ. ಮೆದು ನೀರಿನಲ್ಲಿ ಇದು ಒಂದೋ ಎರಡೋ ಡಿಗ್ರಿ (ಉಷ್ಣತೆಯದಲ್ಲ, ಕೆಎಚ್ ಅಳೆಯುವ ಡಿಗ್ರಿ) ಮಾತ್ರ ಇರಬಹುದು.

ಈಗ ತೊಟ್ಟಿಯಲ್ಲಿ ಆಗುವುದನ್ನು ನೋಡಿ. ಮೀನು ತಿನ್ನುತ್ತದೆ, ಕಕ್ಕ ಮಾಡುತ್ತದೆ. ಬ್ರಿಸಲ್‌ನೋಸ್ ಅಂತೂ ಅದರಲ್ಲಿ ಎತ್ತಿದ ಕೈ. ಅದರಿಂದಲೂ ಕಿವಿರಿನಿಂದಲೂ ಅಮೋನಿಯಾ ಬರುತ್ತದೆ. ಸ್ಪಾಂಜ್ ಫಿಲ್ಟರಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಗುಂಪು ನೈಟ್ರೇಟ್ ಮಾಡುತ್ತದೆ. ಮೊದಲೆರಡು ವಿಷ, ಮೂರನೆಯದು ಬಹುಮಟ್ಟಿಗೆ ನಿರುಪದ್ರವಿ. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತು. ಎಲ್ಲರೂ ಮರೆಯುವುದು ಈ ಕೆಲಸದಲ್ಲಿ ಆಮ್ಲ ಹುಟ್ಟುತ್ತದೆ ಎನ್ನುವುದನ್ನು. ಒಂದು ಗ್ರಾಂ ಅಮೋನಿಯಾ-ಸಾರಜನಕ ನೈಟ್ರೇಟ್ ಆಗುವಷ್ಟರಲ್ಲಿ, ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ ಸುಮಾರು 7 ಗ್ರಾಂ ಕೆಎಚ್ ಖರ್ಚಾಗುತ್ತದೆ. ಎರಡು ದೊಡ್ಡ ಮೀನು ಮಾತ್ರ ಇದ್ದಾಗ ವಾರದ ನೀರು ಬದಲಾವಣೆಯಲ್ಲಿ ಅದು ಭರ್ತಿಯಾಗುತ್ತಿರುತ್ತದೆ. ನೂರು ಮರಿ ಹಗಲೂ ರಾತ್ರಿ ತಿನ್ನತೊಡಗಿದಾಗ ಲೆಕ್ಕ ತಪ್ಪುತ್ತದೆ.

ಕೆಎಚ್ ಮುಗಿದ ದಿನ ಪಿಎಚ್ ಮೆಲ್ಲಗೆ ಇಳಿಯುವುದಿಲ್ಲ, ಧಡಕ್ಕನೆ ಬೀಳುತ್ತದೆ. 6ರ ಕೆಳಗೆ ಹೋದರೆ ಬ್ಯಾಕ್ಟೀರಿಯಾಗಳ ಕೆಲಸ ತೀರಾ ನಿಧಾನ. ಅಮೋನಿಯಾ ಸೇರತೊಡಗುತ್ತದೆ. ಆದರೂ ಮೀನುಗಳು ತಕ್ಷಣ ಸಾಯುವುದಿಲ್ಲ. ಯಾಕೆಂದರೆ ಆಮ್ಲದ ನೀರಿನಲ್ಲಿ ಅಮೋನಿಯಾ ಬಹುಪಾಲು ಅಮೋನಿಯಂ ಎಂಬ ಸೌಮ್ಯ ರೂಪದಲ್ಲಿ ಇರುತ್ತದೆ. 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 6 ಇದ್ದರೆ ವಿಷರೂಪದ್ದು ಶೇ. 0.06ರಷ್ಟು ಮಾತ್ರ. ಪಿಎಚ್ 7ಕ್ಕೆ ಅದು ಶೇ. 0.6ರ ಹತ್ತಿರ, 8ಕ್ಕೆ ಶೇ. 5 ದಾಟುತ್ತದೆ. ಈಗ ಯಾರೋ ‘ಮರಿ ಮಂಕಾಗಿವೆ, ನೀರು ಬದಲಿಸು’ ಎನ್ನುತ್ತಾರೆ. ಮನೆಯಲ್ಲಿ ಬೋರ್‌ವೆಲ್ ನೀರಿದೆ, ಪಿಎಚ್ ಎಂಟರ ಹತ್ತಿರ. ಅರ್ಧ ತೊಟ್ಟಿ ಬದಲಿಸುತ್ತೀರಿ. ಪಿಎಚ್ ಏರುತ್ತದೆ, ಸುಮ್ಮನೆ ಕೂತಿದ್ದ ಅಮೋನಿಯಂ ವಿಷವಾಗುತ್ತದೆ. ಬೆಳಗಾಗುವಷ್ಟರಲ್ಲಿ ತಳದಲ್ಲಿ ಬಿಳುಚಿದ ಮರಿಗಳು. ‘ನೀರು ಬದಲಿಸಿದ್ದಕ್ಕೇ ಸತ್ತವು’ ಎನ್ನುವ ಮಾತು ಹುಟ್ಟುವುದು ಹೀಗೆ. ಅದನ್ನು ನಂಬಿ ಮುಂದಿನ ಸಲ ನೀರನ್ನೇ ಬದಲಿಸದೆ ಬಿಟ್ಟರೆ ಕಥೆ ಇನ್ನೂ ಬೇಗ ಮುಗಿಯುತ್ತದೆ.

ಇದಕ್ಕೆ ಮದ್ದು ದುಬಾರಿಯಲ್ಲ. ಕೆಎಚ್ ಅಳೆಯುವ ಹನಿ ಕಿಟ್ ಒಂದು ತರಿಸಿ. ಐದು ಮಿ.ಲೀ. ನೀರಿಗೆ ಒಂದೊಂದೇ ಹನಿ ಹಾಕುತ್ತ ಹೋದರೆ ಬಣ್ಣ ತಿರುಗುತ್ತದೆ. ಸಾಮಾನ್ಯವಾಗಿ ಎಷ್ಟು ಹನಿಯೋ ಅಷ್ಟು ಡಿಗ್ರಿ. ಮರಿ ಇರುವ ತೊಟ್ಟಿಯಲ್ಲಿ 3-4 ಡಿಗ್ರಿ ಕಾಯ್ದುಕೊಂಡರೆ ಸಾಕು. ಕರಾವಳಿಗೆ ಹೋದಾಗ ಸಮುದ್ರದ ಕಪ್ಪೆಚಿಪ್ಪು ತಂದು, ತೊಳೆದು, ಕುದಿಸಿ, ಪುಡಿಪುಡಿ ಮಾಡಿ ಸಣ್ಣ ಬಟ್ಟೆಚೀಲದಲ್ಲಿ ಕಟ್ಟಿ ಫಿಲ್ಟರಿನ ಪಕ್ಕ ಇಡಿ. ನೀರು ಆಮ್ಲವಾದಷ್ಟೂ ಅದು ಹೆಚ್ಚು ಕರಗುತ್ತದೆ. ತುರ್ತಿಗೆ ಅಡುಗೆ ಸೋಡಾ ಇದೆ. 50 ಲೀಟರಿಗೆ ಒಂದು ಟೀ ಚಮಚ ಹಾಕಿದರೆ ಮೂರರಿಂದ ನಾಲ್ಕು ಡಿಗ್ರಿ ಏರುತ್ತದೆ. ಒಂದೇ ಸಲ ಸುರಿಯಬೇಡಿ, ಹೊಸ ನೀರಿನಲ್ಲಿ ಕರಗಿಸಿ ಎರಡು-ಮೂರು ದಿನಕ್ಕೆ ಹಂಚಿ ಹಾಕಿ. ಎಲೆ-ಅಡಿಕೆಯ ಡಬ್ಬಿಯಲ್ಲಿರುವ ಸುಣ್ಣ ಮಾತ್ರ ಯಾವ ಕಾರಣಕ್ಕೂ ಬೇಡ. ಅದು ಸುಟ್ಟ ಸುಣ್ಣ, ಪಿಎಚ್ಚನ್ನು 12ರ ಕಡೆ ಎಳೆಯುತ್ತದೆ. ಚಿಪ್ಪು ಮತ್ತು ಸುಣ್ಣ ಎರಡೂ ಒಂದೇ ಮೂಲದ್ದಾದರೂ ಸುಟ್ಟ ಮೇಲೆ ಕಥೆಯೇ ಬೇರೆ.

ಅಡಿಕೆಯ ಮಾತು ಬಂತಲ್ಲ, ಮಲೆನಾಡಿನವರು ಗಮನಿಸಲೇಬೇಕಾದ ಇನ್ನೊಂದು ವಿಷಯ. ಮಳೆಗಾಲದಲ್ಲಿ ಕೊಳೆರೋಗಕ್ಕೆ ತೋಟಕ್ಕೆ ಔಷಧಿ ಹೊಡೆಯುತ್ತಾರೆ. ಬೋರ್ಡೋ ದ್ರಾವಣ ಎಂದರೆ ಮೈಲುತುತ್ತ ಮತ್ತು ಸುಣ್ಣ. ಮೈಲುತುತ್ತ ಎಂದರೆ ತಾಮ್ರ. ತಾಮ್ರ ಮೀನಿಗೆ ವಿಷ, ಮೆದು ನೀರಿನಲ್ಲಂತೂ ಅದರ ವಿಷ ಇನ್ನೂ ಜೋರು. ಔಷಧಿ ಕಲಸಿದ ಡ್ರಮ್ಮು, ಬಕೆಟ್ಟು, ಪೈಪು ಎಷ್ಟೇ ತೊಳೆದರೂ ತೊಟ್ಟಿಯ ಹತ್ತಿರ ತರಬೇಡಿ. ಔಷಧಿ ಹೊಡೆದ ದಿನಗಳಲ್ಲಿ ತೋಟದ ಬದಿಯ ತೆರೆದ ಬಾವಿ ನೀರು, ತೋಟದ ಕಾಲುವೆಯಲ್ಲಿ ಹರಿಯುವ ನೀರು ಬೇಡ. ಕೈಗೆ ಮೈಲುತುತ್ತದ ನೀಲಿ ಅಂಟಿರುವಾಗ ಮೀನಿಗೆ ಊಟ ಹಾಕುವುದೂ ಬೇಡ.

ನಗರದ ನಲ್ಲಿ ನೀರಾದರೆ ಕ್ಲೋರಿನ್ ಇರುತ್ತದೆ. ಬಾಯಿ ಅಗಲದ ಪಾತ್ರೆಯಲ್ಲಿ ಏರ್ ಪಂಪ್ ಹಾಕಿ ಒಂದು ದಿನ ಬಿಡಿ, ಅಥವಾ ಆಂಟಿ-ಕ್ಲೋರಿನ್ ಹನಿ ಹಾಕಿ.

ಮುಂಗಾರು ಮಾಡುವ ಕೆಲಸ

ತವರಿನಲ್ಲಿ ಮಳೆ ಬಿದ್ದು ಹೊಳೆಗೆ ತಣ್ಣನೆ ಹೊಸ ನೀರು ಬಂದಾಗ ಬಹಳಷ್ಟು ಮೀನುಗಳಿಗೆ ಮೊಟ್ಟೆ ಇಡುವ ಸೂಚನೆ ಸಿಗುತ್ತದೆ. ಅಕ್ವೇರಿಯಂನಲ್ಲಿ ಇದನ್ನೇ ನಟಿಸುತ್ತಾರೆ. ಒಂದೆರಡು ವಾರ ನೀರು 27-28 ಡಿಗ್ರಿ ಇಟ್ಟು ಚೆನ್ನಾಗಿ ತಿನ್ನಿಸಿ, ಆಮೇಲೆ ಮೂರನೇ ಒಂದು ಭಾಗ ನೀರನ್ನು ಎರಡು-ಮೂರು ಡಿಗ್ರಿ ತಣ್ಣಗಿರುವ ನೀರಿನಿಂದ ಬದಲಿಸುವುದು. ಮರುದಿನ ಇನ್ನೊಮ್ಮೆ. ಮೇ ತಿಂಗಳ ಸೆಕೆ ಕಳೆದು ಜೂನಿನಲ್ಲಿ ಮಳೆ ಹಿಡಿದಾಗ ನಮ್ಮಲ್ಲಿ ಇದು ತಾನಾಗಿಯೇ ಆಗುತ್ತದೆ.

ಆದರೆ ಮುಂಗಾರು ಕೊಡುವುದನ್ನು ಮುಂಗಾರೇ ಕಿತ್ತುಕೊಳ್ಳುತ್ತದೆ. ಆಗುಂಬೆ ಸುತ್ತಮುತ್ತ ವಾರಗಟ್ಟಲೆ ಬಿಸಿಲು ಕಾಣದಿದ್ದಾಗ ತೊಟ್ಟಿಯ ನೀರು 21-22 ಡಿಗ್ರಿಗೆ ಇಳಿದು ಅಲ್ಲೇ ನಿಲ್ಲುತ್ತದೆ. ದೊಡ್ಡ ಮೀನಿಗೆ ಅದರಿಂದ ತೊಂದರೆ ಇಲ್ಲ. ಮೊಟ್ಟೆ ಒಡೆಯುವುದು ತಡವಾಗುತ್ತದೆ, ಬೂಜು ಹತ್ತುತ್ತದೆ, ಮರಿಗಳು ಸರಿಯಾಗಿ ತಿನ್ನುವುದಿಲ್ಲ. ಲೀಟರಿಗೆ ಒಂದು ವ್ಯಾಟ್ ಲೆಕ್ಕದಲ್ಲಿ ಹೀಟರ್ ಹಾಕಿ 25-26ಕ್ಕೆ ಇಡಿ. ಇನ್ನು ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಿರುವುದು ನಮಗೇನು ಹೊಸದಲ್ಲ, ಅಲ್ವಾ? ಬ್ಯಾಟರಿಯಿಂದ ಓಡುವ ಏರ್ ಪಂಪ್ ಒಂದು ಮನೆಯಲ್ಲಿರಲಿ. ಸ್ಪಾಂಜ್ ಫಿಲ್ಟರ್ ಗಾಳಿಯಿಂದಲೇ ನಡೆಯುವುದರಿಂದ ಅದೊಂದೇ ಪಂಪು ಫಿಲ್ಟರನ್ನೂ ಉಳಿಸುತ್ತದೆ, ಮೀನಿಗೆ ಉಸಿರನ್ನೂ ಕೊಡುತ್ತದೆ. ಆಮ್ಲಜನಕ ಕಡಿಮೆಯಾದರೆ ಈ ಮೀನು ಮೇಲೆ ಬಂದು ಗಾಳಿ ನುಂಗಿ ಹೊಟ್ಟೆಯಿಂದಲೇ ಉಸಿರಾಡಬಲ್ಲದು. ಪದೇಪದೇ ಮೇಲಕ್ಕೆ ಓಡುತ್ತಿದ್ದರೆ ಆಟವಲ್ಲ, ಉಸಿರು ಸಾಲುತ್ತಿಲ್ಲ.

ಗುಹೆಯೊಳಗೆ

ಗಂಡು ಗುಹೆ ಬಿಟ್ಟು ಹೊರಬರುವುದು ಕಡಿಮೆಯಾದರೆ, ಬಾಲದಿಂದ ಒಳಗಿನ ಕಸ ಗುಡಿಸುತ್ತಿದ್ದರೆ ತಯಾರಿ ನಡೆದಿದೆ. ಹೆಣ್ಣು ಒಳಗೆ ಹೋದ ಮೇಲೆ ಅವನು ದಾರಿ ಕಟ್ಟುತ್ತಾನೆ. ಒಂದು ರಾತ್ರಿ, ಕೆಲವೊಮ್ಮೆ ಎರಡು ದಿನ. ಹೆಣ್ಣು ಸಿಕ್ಕಿಹಾಕಿಕೊಂಡಿತು ಎಂದು ಬಿಡಿಸಲು ಹೋಗಬೇಡಿ. ಮೊಟ್ಟೆ ಮುಗಿದ ಮೇಲೆ ಅವನೇ ಅವಳನ್ನು ಹೊರಗಟ್ಟುತ್ತಾನೆ. ಅಲ್ಲಿಗೆ ತಾಯಿಯ ಕೆಲಸ ಮುಗಿಯಿತು.

ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದರೆ ಗಂಡಿನ ಹೊಟ್ಟೆಯ ಕೆಳಗೆ ಗೊಂಚಲು ಕಾಣುತ್ತದೆ. ಕೇಸರಿ ಹಾಕಿ ನೆನೆಸಿದ ಸಾಬಕ್ಕಿಯ ಉಂಡೆಯಂತೆ. ಒಂದೊಂದು ಮೊಟ್ಟೆಯೂ ಸುಮಾರು ಮೂರು ಮಿ.ಮೀ., ಒಂದಕ್ಕೊಂದು ಅಂಟಿಕೊಂಡು. ಹೆಣ್ಣಿನ ಗಾತ್ರ ನೋಡಿಕೊಂಡು ಇಪ್ಪತ್ತರಿಂದ ನೂರು, ಕೆಲವೊಮ್ಮೆ ಅದಕ್ಕೂ ಜಾಸ್ತಿ. ಗಂಡು ಪಕ್ಕದ ರೆಕ್ಕೆಗಳನ್ನು ಬೀಸುತ್ತಲೇ ಇರುತ್ತಾನೆ. ಬಾಯಿಂದ ಮೊಟ್ಟೆಗಳನ್ನು ಸವರಿ ಸ್ವಚ್ಛ ಮಾಡುತ್ತಾನೆ. ಸತ್ತು ಬಿಳಿಯಾದದ್ದನ್ನು ತೆಗೆದುಹಾಕುತ್ತಾನೆ. ಊಟಕ್ಕೂ ಹೆಚ್ಚಾಗಿ ಹೊರಗೆ ಬರುವುದಿಲ್ಲ. 26 ಡಿಗ್ರಿಯಲ್ಲಿ ಐದಾರು ದಿನಕ್ಕೆ ಮೊಟ್ಟೆ ಒಡೆಯುತ್ತವೆ, ನೀರು ತಣ್ಣಗಿದ್ದರೆ ಎಂಟು-ಹತ್ತು ದಿನವೂ ಆದೀತು. ಒಡೆದ ಮರಿ ಎಂದರೆ ಕಿತ್ತಳೆ ಬಣ್ಣದ ಹೊಟ್ಟೆಚೀಲಕ್ಕೆ ಅಂಟಿಸಿದ ಬಾಲ. ಇನ್ನೊಂದು ವಾರದ ಹತ್ತಿರ ಆ ಚೀಲವೇ ಊಟ. ಅಷ್ಟು ದಿನ ನೀವು ಏನೂ ಹಾಕಬೇಕಿಲ್ಲ.

ಕೆಲವೊಮ್ಮೆ ಬೆಳಗ್ಗೆ ನೋಡಿದರೆ ಗೊಂಚಲು ಗುಹೆಯ ಹೊರಗೆ ಬಿದ್ದಿರುತ್ತದೆ. ಮೊದಲ ಸಲದ ಗಂಡು, ಪಕ್ಕದಲ್ಲಿ ಇನ್ನೊಂದು ಗಂಡು, ಪದೇಪದೇ ಟಾರ್ಚ್ ಬಿಡುವ ಮನೆಯವರು, ಬಾಯಿ ಅಗಲವಾದ ಗುಹೆ, ಕಾರಣ ಏನೂ ಇರಬಹುದು. ಗಾಬರಿ ಬೇಡ. ಗೊಂಚಲನ್ನು ಮೆಲ್ಲಗೆ ಎತ್ತಿ, ತೊಟ್ಟಿಯೊಳಗೇ ತೂಗುವ ಮರಿಪೆಟ್ಟಿಗೆಗೆ ಹಾಕಿ, ಪಕ್ಕದಲ್ಲಿ ಏರ್ ಸ್ಟೋನ್ ಇಡಿ. ಗುಳ್ಳೆಗಳಿಂದ ಮೊಟ್ಟೆ ಮೆಲ್ಲಗೆ ಅಲುಗಾಡುತ್ತಿರಬೇಕು, ಕುಣಿಯಬಾರದು. ಬಿಳಿಯಾದದ್ದನ್ನು ದಿನಾ ಹೆಕ್ಕಿ ತೆಗೆಯಿರಿ. ಒಂದಕ್ಕೆ ಬೂಜು ಹತ್ತಿದರೆ ಪಕ್ಕದ್ದಕ್ಕೆ ಹಬ್ಬಲು ತಡವಿಲ್ಲ. ಅಪ್ಪನಷ್ಟು ಚೆನ್ನಾಗಿ ನಮ್ಮಿಂದ ಆಗುವುದಿಲ್ಲ, ಆದರೂ ಅರ್ಧಕ್ಕರ್ಧ ಉಳಿದಾವು. ಹಾಗೆಂದು ಗಂಡು ಸರಿಯಾಗಿ ಕಾಯುತ್ತಿರುವಾಗ ಮೊಟ್ಟೆ ಕಿತ್ತು ತೆಗೆಯುವುದು ನನಗೆ ಸರಿ ಕಾಣುವುದಿಲ್ಲ.

ಹೊರಬಂದ ಮೇಲೆ

ಹೊಟ್ಟೆಚೀಲ ಕರಗಿದ ಮರಿ ಒಂದು ಸೆಂ.ಮೀ. ಇರುತ್ತದೆ, ದೊಡ್ಡವರ ತದ್ರೂಪು. ಒಂದು ಸಂಜೆ ಗಾಜಿನ ಮೇಲೆಲ್ಲ ಅಂಟಿಕೊಂಡಿರುತ್ತವೆ. ಇಲ್ಲಿಂದ ಎರಡು ಕೆಲಸ: ಸದಾ ಊಟ, ಸದಾ ಶುದ್ಧ ನೀರು. ಎರಡೂ ಒಂದಕ್ಕೊಂದು ಎದುರಾಳಿ, ಊಟ ಹೆಚ್ಚಿದಷ್ಟೂ ನೀರು ಕೆಡುತ್ತದೆ.

ಈ ಮರಿಗಳಿಗೆ ದಿನಕ್ಕೆರಡು ಹೊತ್ತಿನ ಲೆಕ್ಕ ನಡೆಯುವುದಿಲ್ಲ. ಕೆರೆಯುತ್ತಲೇ ಇರಬೇಕು. ಬಾಡಿಸಿದ ಸೌತೆ, ಪಾಲಕ್, ಸಿಹಿಗುಂಬಳ, ಇವುಗಳಲ್ಲಿ ಒಂದರ ತುಂಡು ಸದಾ ತೊಟ್ಟಿಯಲ್ಲಿ ಇರಲಿ. ಪಾಚಿ ಹಿಡಿದ ನುಣುಪು ಕಲ್ಲುಗಳನ್ನು ಬಿಸಿಲಿನಲ್ಲಿಟ್ಟ ಬಕೆಟ್ಟಿನಲ್ಲಿ ಬೆಳೆಸಿ ಸರದಿಯಂತೆ ಹಾಕಬಹುದು, ಮಳೆಗಾಲದಲ್ಲಿ ಬಿಸಿಲು ಸಿಗದೆ ಇದು ನಿಲ್ಲುತ್ತದೆ. ಕಾಡುಬಾದಾಮಿಯ ಒಣ ಎಲೆ ಹಾಕಿದರೆ ಅದರ ಮೇಲಿನ ಪೊರೆ ತಿನ್ನುತ್ತವೆ, ಎಲೆ ಕೊನೆಗೆ ನರದ ಜಾಲರಿ ಮಾತ್ರ ಉಳಿಯುತ್ತದೆ. ಬರೀ ತರಕಾರಿ ಆದರೆ ಬೆಳವಣಿಗೆ ಸಾಲದು, ಪುಡಿ ಮಾಡಿದ ವೇಫರ್ ದಿನಾ ಒಂದು ಚಿಟಿಕೆ ಬೇಕು. ಹೊಟ್ಟೆ ನೋಡಿ ತಿಳಿಯುತ್ತದೆ. ಗಾಜಿಗೆ ಅಂಟಿದ ಮರಿಯ ಹೊಟ್ಟೆ ತುಂಬಿ ಹಸಿರೋ ಕಂದೋ ಕಂಡರೆ ಸರಿ. ಒಳಕ್ಕೆ ಕುಸಿದಿದ್ದರೆ ಆ ಮರಿ ಹಸಿದಿದೆ, ಕಣ್ಣೆದುರೇ ಸೌತೆಕಾಯಿ ಇದ್ದರೂ. ದೊಡ್ಡವು ಜಾಗ ಬಿಡದಿದ್ದಾಗ ಹೀಗಾಗುತ್ತದೆ. ಎರಡು-ಮೂರು ಕಡೆ ಊಟ ಇಡಿ.

ತಂದೆತಾಯಿ ಮರಿಗಳನ್ನು ತಿನ್ನುವುದಿಲ್ಲ. ಆದರೂ ಬೇರೆ ತೊಟ್ಟಿಗೆ ಸಾಗಿಸಿದರೆ ತಿನ್ನಿಸಲು ಅನುಕೂಲ. ಹಳೇ ತೊಟ್ಟಿಯಲ್ಲಿ ಓಡಿ ಪಳಗಿದ ಸ್ಪಾಂಜನ್ನೇ ಅಲ್ಲಿಗೂ ಹಾಕಿ, ಹೊಸದು ಬೇಡ. ಮರಳು, ಕಲ್ಲು ಇಲ್ಲದ ಬರಿ ತಳ ಇದ್ದರೆ ಕಸ ಎಳೆಯುವುದು ಸುಲಭ. ಏರ್ ಪಂಪಿನ ಸಣ್ಣ ಪೈಪಿನಿಂದ ಬೆಳಗ್ಗೆ ತಳದ ಕಸ ಎಳೆದು, ಎಳೆದಷ್ಟೇ ನೀರು ತುಂಬಿ. ದಿನಾ ಶೇ. ಹತ್ತು-ಹದಿನೈದು ಭಾಗ ಬದಲಿಸುವುದು ವಾರಕ್ಕೊಮ್ಮೆ ಅರ್ಧ ಬದಲಿಸುವುದಕ್ಕಿಂತ ಎಷ್ಟೋ ಮೇಲು, ಮೇಲೆ ಹೇಳಿದ ಅಮೋನಿಯಂ ಕಥೆ ನಡೆಯಲು ಎಡೆಯೇ ಇರುವುದಿಲ್ಲ. ಎಳೆದ ನೀರನ್ನು ಚೆಲ್ಲುವ ಮೊದಲು ಬಿಳಿ ಬಕೆಟ್ಟಿನಲ್ಲಿ ಒಂದು ನಿಮಿಷ ನೋಡಿ. ಒಂದೆರಡು ಮರಿ ಬಂದೇ ಬಂದಿರುತ್ತವೆ.

ಹೀಗೆ ನಡೆದರೆ ಎರಡು-ಮೂರು ತಿಂಗಳಿಗೆ ಎರಡೂವರೆ ಸೆಂ.ಮೀ. ದಾಟುತ್ತವೆ. ಅಲ್ಲಿಂದಾಚೆ ಸಾಯುವುದು ಅಪರೂಪ.

ಬಣ್ಣದ ವಿಷಯ ಬಹಳ ಜನ ಕೇಳುತ್ತಾರೆ. ಕೆಂಪು ಕಣ್ಣಿನ ಬಿಳಿ ಮೀನು, ಅಂದರೆ ಆಲ್ಬಿನೊ, ಹಿಂಜರಿಯುವ ಗುಣ: ತಂದೆತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಹೊರಗೆ ಕಾಣುತ್ತದೆ. ಆಲ್ಬಿನೊವನ್ನು ಶುದ್ಧ ಕಂದು ಮೀನಿಗೆ ಸೇರಿಸಿದರೆ ಮರಿಗಳೆಲ್ಲ ಕಂದು, ಒಳಗೆ ಮಾತ್ರ ಆಲ್ಬಿನೊ ಗುಣ ಅಡಗಿರುತ್ತದೆ. ಅಂಥ ಮರಿಯನ್ನು ಮತ್ತೆ ಆಲ್ಬಿನೊಗೆ ಸೇರಿಸಿದರೆ ಸುಮಾರು ಅರ್ಧ ಬಿಳಿ. ಎರಡೂ ಆಲ್ಬಿನೊ ಆದರೆ ಎಲ್ಲವೂ ಬಿಳಿ. ಉದ್ದ ರೆಕ್ಕೆ ಇದಕ್ಕೆ ವಿರುದ್ಧ, ಮುಂದೆ ಬರುವ ಗುಣ. ಒಂದು ಕಡೆ ಇದ್ದರೂ ಮರಿಗಳಲ್ಲಿ ಕಾಣಿಸಿಕೊಳ್ಳುತ್ತದೆ. ಆದರೆ ಉದ್ದ ರೆಕ್ಕೆಯ ಗಂಡು ಬಿಗಿ ಗುಹೆಯಲ್ಲಿ ರೆಕ್ಕೆ ಹರಿದುಕೊಳ್ಳುತ್ತಾನೆ, ನನಗಂತೂ ಸಾದಾ ಕಂದೇ ಇಷ್ಟ.

ಜೋಡಿ ಒಮ್ಮೆ ಶುರು ಮಾಡಿದರೆ ತಿಂಗಳು-ಒಂದೂವರೆ ತಿಂಗಳಿಗೊಮ್ಮೆ ಮೊಟ್ಟೆ ಇಡುತ್ತಲೇ ಇರಬಹುದು. ಮರಿ ಎಲ್ಲಿಗೆ ಎನ್ನುವುದನ್ನು ಮೊದಲೇ ಯೋಚಿಸಿ. ಜಾಗ ಸಾಲದಿದ್ದರೆ ಗುಹೆ ತೆಗೆದಿಡಿ, ಗುಹೆ ಇಲ್ಲದೆ ಹೆಚ್ಚಾಗಿ ಮೊಟ್ಟೆ ಇಡುವುದಿಲ್ಲ. ತುಂಗೆಗೋ ಊರ ಕೆರೆಗೋ ಬಿಡುವ ಮಾತೇ ಬೇಡ. ಸಾಮಾನ್ಯ ಪ್ಲೆಕೊವನ್ನು ಹೀಗೆ ಬಿಟ್ಟವರಿಂದಲೇ ಆಂಧ್ರ, ಬಿಹಾರ, ಬಂಗಾಳದ ಕೆರೆಗಳಲ್ಲಿ ಅದು ತುಂಬಿಕೊಂಡು ಮೀನುಗಾರರ ಬಲೆ ಹರಿಯುತ್ತಿದೆ. ಶೃಂಗೇರಿಯಲ್ಲೂ ತೀರ್ಥಹಳ್ಳಿಯ ಚಿಪ್ಪಲಗುಡ್ಡೆಯಲ್ಲೂ ದೇವರ ಮೀನುಗಳನ್ನು ಕಾಯ್ದುಕೊಂಡು ಬಂದ ಹೊಳೆ ನಮ್ಮ ತುಂಗೆ.

ಬೇರೆ ಊರಿನವರಿಗೆ ಕಳಿಸುವುದಾದರೆ ಹಿಂದಿನ ದಿನ ಊಟ ನಿಲ್ಲಿಸಿ, ದಾರಿಯಲ್ಲಿ ನೀರು ಕೆಡದಿರಲಿ. ಕವರಿನಲ್ಲಿ ಮೂರನೇ ಒಂದು ಭಾಗ ನೀರು, ಉಳಿದದ್ದು ಗಾಳಿ. ಪಕ್ಕದ ರೆಕ್ಕೆಯ ಮುಳ್ಳು ಪ್ಲಾಸ್ಟಿಕ್ ತೂತು ಮಾಡುತ್ತದೆ, ಹಾಗಾಗಿ ಒಂದರೊಳಗೆ ಒಂದು ಎರಡು ಕವರ್ ಹಾಕಿ, ನಡುವೆ ಹಳೇ ಪೇಪರ್ ಸುತ್ತಿ. ದೊಡ್ಡ ಗಂಡಾದರೆ ಕವರ್ ಬಿಟ್ಟು ಬಾಯಿ ಅಗಲದ ಪ್ಲಾಸ್ಟಿಕ್ ಡಬ್ಬಿಯೇ ವಾಸಿ. ರಾತ್ರಿ ಬಸ್ಸಿಗೆ ಕೊಟ್ಟರೆ ಬೆಳಗ್ಗೆ ಬೆಂಗಳೂರಿನಲ್ಲಿ ಇರುತ್ತದೆ. ಪಡೆಯುವವರಿಗೆ ನಿಮ್ಮ ನೀರಿನ ಪಿಎಚ್ ಮತ್ತು ಕೆಎಚ್ ಎಷ್ಟು ಎಂದು ಒಂದು ಚೀಟಿಯಲ್ಲಿ ಬರೆದು ಡಬ್ಬಿಗೆ ಅಂಟಿಸಿ. ಅಲ್ಲಿನ ಗಡುಸು ನೀರಿಗೆ ನೇರ ಸುರಿಯದೆ, ಗಂಟೆ-ಎರಡು ಗಂಟೆ ಸ್ವಲ್ಪ ಸ್ವಲ್ಪವೇ ಬೆರೆಸಿ ಬಿಡಲು ಅವರಿಗೆ ಅದು ಬೇಕಾಗುತ್ತದೆ.